ಎರಡನೆಯ ಆಯ್ಕೆಯ ದೇಶ

ಕೆನಡಾದ ಮತದಾರರ ಮನಸ್ಸಿನಲ್ಲಿ ಒಂದೇ ಪಕ್ಷ ಇರುವುದು ಕಡಿಮೆ. ಸಾಮಾನ್ಯವಾಗಿ ಎರಡು ಇರುತ್ತವೆ. ಒಂದು ಒಲವಿನ ಪಕ್ಷ, ಇನ್ನೊಂದು ಅಗತ್ಯ ಬಿದ್ದರೆ ಹೋಗಿ ಸೇರಬಹುದಾದ ಪಕ್ಷ. ಸಮೀಕ್ಷೆಯವರು ಫೋನ್ ಮಾಡಿದಾಗಲೂ ಯಾರಿಗೆ ಮತ ಹಾಕುತ್ತೀರಿ ಎಂಬ ಪ್ರಶ್ನೆಗೇ ನಿಲ್ಲುವುದಿಲ್ಲ, ನಿಮ್ಮ ಎರಡನೆಯ ಆಯ್ಕೆ ಯಾವುದು ಎಂದೂ ಕೇಳುತ್ತಾರೆ. ಈ ದೇಶದ ಪೌರತ್ವ ಪಡೆದು, ಇಲ್ಲಿನ ಚುನಾವಣೆಗಳನ್ನು ಹತ್ತಿರದಿಂದ ನೋಡುತ್ತ ಬಂದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿ ಒಂದಿದೆ. ಇಲ್ಲಿ ಸರ್ಕಾರವನ್ನು ಕಟ್ಟುವುದೂ ಕೆಡವುವುದೂ ಆ ಎರಡನೆಯ ಪ್ರಶ್ನೆಗೆ ಜನ ಕೊಡುವ ಉತ್ತರ.

2025ರ ಚುನಾವಣೆಯನ್ನೇ ತೆಗೆದುಕೊಳ್ಳೋಣ. ಆ ವರ್ಷದ ಜನವರಿಯಲ್ಲಿ ಹಲವು ಸಮೀಕ್ಷೆಗಳ ಪ್ರಕಾರ ಪಿಯೆರ್ ಪೊಲಿಯೇವ್ ಅವರ ಕನ್ಸರ್ವೇಟಿವ್ ಪಕ್ಷ ಆಗ ಅಧಿಕಾರದಲ್ಲಿದ್ದ ಲಿಬರಲ್ಲರಿಗಿಂತ ಶೇಕಡಾ 20ಕ್ಕೂ ಹೆಚ್ಚು ಅಂತರದಿಂದ ಮುಂದಿತ್ತು. ಅದಕ್ಕೂ ಮೊದಲು, 2024ರ ಜೂನ್‌ನಲ್ಲಿ, ಟೊರಾಂಟೊ–ಸೇಂಟ್ ಪಾಲ್ಸ್ ಉಪಚುನಾವಣೆಯಲ್ಲಿ ಲಿಬರಲ್ಲರು 1993ರಿಂದ ಕೈಬಿಡದೆ ಉಳಿಸಿಕೊಂಡಿದ್ದ ಕ್ಷೇತ್ರವನ್ನು ಕಳೆದುಕೊಂಡಿದ್ದರು. ಆ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನ ಒಂದು ಭದ್ರಕೋಟೆ, ಕ್ವಿಬೆಕ್ ಪ್ರಾಂತದಲ್ಲಷ್ಟೇ ಸ್ಪರ್ಧಿಸುವ ಬ್ಲಾಕ್ ಕ್ವಿಬೆಕ್ವಾ ಪಕ್ಷದ ಪಾಲಾಯಿತು. ಜನವರಿ 6ರಂದು ಲಿಬರಲ್ ಪ್ರಧಾನಿ ಜಸ್ಟಿನ್ ಟ್ರುಡೊ ತಾವು ಕೆಳಗಿಳಿಯುವುದಾಗಿ ಪ್ರಕಟಿಸಿದರು. ಮಾರ್ಚ್‌ನಲ್ಲಿ ಅವರ ಜಾಗಕ್ಕೆ ಮಾರ್ಕ್ ಕಾರ್ನಿ ಬಂದರು. ಏಪ್ರಿಲ್ 28ರಂದು ಮತ ಎಣಿಸಿದಾಗ ಲಿಬರಲ್ಲರಿಗೆ 169 ಸ್ಥಾನ, ಕನ್ಸರ್ವೇಟಿವರಿಗೆ 144. ಉಪಚುನಾವಣೆಯಲ್ಲಿ ಕಳೆದುಕೊಂಡಿದ್ದ ಆ ಎರಡೂ ಕ್ಷೇತ್ರಗಳು ಲಿಬರಲ್ಲರಿಗೆ ಮರಳಿದ್ದವು.

ಇದನ್ನು ದೂರದಿಂದ ನೋಡಿದವರು ಕನ್ಸರ್ವೇಟಿವ್ ಪಕ್ಷದಿಂದ ಜನ ದಂಡುಗಟ್ಟಿ ಓಡಿದರು ಎಂದುಕೊಂಡರು. ಅಂಕಿಗಳು ಬೇರೆ ಕಥೆ ಹೇಳುತ್ತವೆ. ಸೋತ ಕನ್ಸರ್ವೇಟಿವರಿಗೆ ಬಂದದ್ದು ಶೇಕಡಾ 41ಕ್ಕೂ ಹೆಚ್ಚು ಮತ. 2011ರಲ್ಲಿ ಸ್ಟೀಫನ್ ಹಾರ್ಪರ್ ಸ್ಪಷ್ಟ ಬಹುಮತ ಪಡೆದಾಗಲೂ ಅಷ್ಟು ಬಂದಿರಲಿಲ್ಲ. ಹಾಗಾದರೆ ಲಿಬರಲ್ಲರು ಎಲ್ಲಿಂದ ಮತ ತಂದರು? ದೊಡ್ಡ ಪಾಲು ಎಡಕ್ಕಿದ್ದ ನ್ಯೂ ಡೆಮಾಕ್ರಟಿಕ್ ಪಕ್ಷ, ಅಂದರೆ ಎನ್‌ಡಿಪಿಯಿಂದ ಬಂತು. 2021ರಲ್ಲಿ ಎನ್‌ಡಿಪಿಗೆ 30 ಲಕ್ಷ ಮತ ಬಿದ್ದಿತ್ತು, 2025ರಲ್ಲಿ ಅದು 12 ಲಕ್ಷದ ಆಸುಪಾಸಿಗೆ ಇಳಿಯಿತು. ಶೇಕಡಾ 17.8 ಇದ್ದದ್ದು 6.3 ಆಯಿತು, 25 ಸ್ಥಾನ ಏಳಾಯಿತು. ಪಕ್ಷದ ನಾಯಕ ಜಗ್ಮೀತ್ ಸಿಂಗ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು. ಸಂಸತ್ತಿನಲ್ಲಿ ಅಧಿಕೃತ ಪಕ್ಷವೆಂದು ಮಾನ್ಯತೆ ಪಡೆಯಲು ಬೇಕಾದ 12 ಸ್ಥಾನಗಳೂ ದಕ್ಕಲಿಲ್ಲ.

ಈ ಜನ ಎನ್‌ಡಿಪಿಯನ್ನು ದ್ವೇಷಿಸಿ ಹೋದವರಲ್ಲ. ಎನ್‌ಡಿಪಿ ಲಿಬರಲ್ ಸರ್ಕಾರಕ್ಕೆ ಬೆಂಬಲ ಕೊಟ್ಟು ಬಡವರಿಗೆ ದಂತ ಚಿಕಿತ್ಸೆಯ ಯೋಜನೆಯನ್ನು ತರಿಸಿತ್ತು. ಅದರ ಬಗ್ಗೆ ಅವರಿಗೆ ಕೃತಜ್ಞತೆಯೂ ಇತ್ತು. ಆದರೆ ಆ ಚಳಿಗಾಲದಲ್ಲಿ ಚುನಾವಣೆಯ ಪ್ರಶ್ನೆಯೇ ಬೇರೆಯಾಗಿಬಿಟ್ಟಿತು. ಗಡಿಯ ಆಚೆಯಿಂದ ಡೊನಾಲ್ಡ್ ಟ್ರಂಪ್ ಕೆನಡಾದ ಸರಕಿನ ಮೇಲೆ ಸುಂಕ ಹೇರುತ್ತ, ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಡಿಸೆಂಬರ್‌ನ ಪ್ರಶ್ನೆ ಟ್ರುಡೊ ಹೋಗಬೇಕೇ ಬೇಡವೇ ಎಂಬುದಾಗಿತ್ತು. ಮಾರ್ಚ್ ಹೊತ್ತಿಗೆ ಅದು ಟ್ರಂಪ್ ಎದುರು ಯಾರು ಕೂತು ಮಾತಾಡಬೇಕು ಎಂದಾಯಿತು. ಕಾರ್ನಿ ಬಂದ ಕೂಡಲೇ ಮಾಡಿದ ಕೆಲಸಗಳಲ್ಲಿ ಒಂದು, ಗ್ರಾಹಕರ ಮೇಲಿನ ಇಂಗಾಲದ ತೆರಿಗೆಯನ್ನು ಏಪ್ರಿಲ್ 1ರಿಂದ ಶೂನ್ಯಕ್ಕಿಳಿಸಿದ್ದು. ಪೊಲಿಯೇವ್ ವರ್ಷಗಟ್ಟಲೆ ಆ ತೆರಿಗೆಯ ವಿರುದ್ಧವೇ ಪ್ರಚಾರ ಕಟ್ಟಿದ್ದರು. ಅವರು ಉತ್ತರ ಸಿದ್ಧಮಾಡಿಕೊಂಡಿದ್ದ ಎರಡು ಪ್ರಶ್ನೆಗಳೂ, ಟ್ರುಡೊ ಮತ್ತು ಆ ತೆರಿಗೆ, ಕೆಲವೇ ವಾರಗಳಲ್ಲಿ ಪ್ರಶ್ನೆಪತ್ರಿಕೆಯಿಂದ ಮಾಯವಾದವು. ವರ್ಷಗಳ ಶ್ರಮ ಹೀಗೆ ಕಣ್ಣೆದುರೇ ನೀರುಪಾಲಾಗುವುದು ಯಾವ ರಾಜಕಾರಣಿಗಾದರೂ ಕಠೋರವೇ.

ನಾನು ಇರುವುದು ರಾಜಧಾನಿ ಒಟ್ಟಾವದ ದಕ್ಷಿಣ ಅಂಚಿನ ಬಾರ್‌ಹೇವನ್‌ನಲ್ಲಿ, ನೆಪಿಯನ್ ಕ್ಷೇತ್ರದೊಳಗೆ. ನೆಪಿಯನ್ ಹೆಸರು ಕರ್ನಾಟಕದಲ್ಲಿ ಹಲವರಿಗೆ ಗೊತ್ತು. ಶಿರಾ ತಾಲ್ಲೂಕಿನಿಂದ ಬಂದ ಚಂದ್ರ ಆರ್ಯ 2015, 2019, 2021ರಲ್ಲಿ ಇಲ್ಲಿಂದಲೇ ಲಿಬರಲ್ ಸಂಸದರಾಗಿ ಗೆದ್ದರು. 2022ರ ಮೇ ತಿಂಗಳಲ್ಲಿ ಅವರು ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ದೃಶ್ಯ ಊರಿನ ಮೊಬೈಲುಗಳಲ್ಲೆಲ್ಲ ಹರಿದಾಡಿತ್ತು. 2025ರಲ್ಲಿ ಪಕ್ಷ ಅವರನ್ನು ನಾಯಕತ್ವದ ಸ್ಪರ್ಧೆಗೆ ಇಳಿಯಗೊಡಲಿಲ್ಲ. ಮಾರ್ಚ್‌ನಲ್ಲಿ ಅವರ ಅಭ್ಯರ್ಥಿತನವನ್ನೂ ಹಿಂತೆಗೆದುಕೊಂಡಿತು. ಅದರ ಬೆನ್ನಿಗೇ ಕಾರ್ನಿ ನೆಪಿಯನ್‌ನಿಂದ ಕಣಕ್ಕಿಳಿದು ಸುಲಭವಾಗಿ ಗೆದ್ದರು. ನನ್ನ ಪರಿಚಯದ ಕನ್ನಡ ಕುಟುಂಬಗಳಲ್ಲಿ ಇದರಿಂದ ನೊಂದವರಿದ್ದರು. ನೊಂದವರಲ್ಲಿ ಹೆಚ್ಚಿನವರು ಕೊನೆಗೆ ಕಾರ್ನಿಗೇ ಮತ ಹಾಕಿದರು. ನೋವು ಒಬ್ಬ ವ್ಯಕ್ತಿಯ ವಿಷಯದ್ದು, ಮತ ಆ ವರ್ಷದ ಪ್ರಶ್ನೆಯದ್ದು ಎಂದು ಅವರು ಬೇರ್ಪಡಿಸಿ ನೋಡಿದ್ದು ನನಗೆ ದೊಡ್ಡದಾಗಿ ಕಂಡಿತು.

ಇದೇ ನೆಲದಲ್ಲಿ ಪೊಲಿಯೇವ್ ಕೂಡ ರಾಜಕಾರಣಿಯಾಗಿ ಬೆಳೆದದ್ದು ಈಗ ಎಷ್ಟೋ ಜನಕ್ಕೆ ಮರೆತುಹೋಗಿದೆ. 2004ರಲ್ಲಿ ಇದು ನೆಪಿಯನ್–ಕಾರ್ಲ್‌ಟನ್ ಎಂಬ ಒಂದೇ ಕ್ಷೇತ್ರವಾಗಿತ್ತು. ರಕ್ಷಣಾ ಸಚಿವರಾಗಿದ್ದ ಲಿಬರಲ್ ನಾಯಕ ಡೇವಿಡ್ ಪ್ರ್ಯಾಟ್ ಅವರನ್ನು 25ರ ಹರೆಯದ ಪೊಲಿಯೇವ್ ಸೋಲಿಸಿದರು. 2015ರಲ್ಲಿ ಕ್ಷೇತ್ರ ಎರಡಾದಾಗ ಅವರು ಕಾರ್ಲ್‌ಟನ್ ಕಡೆಗೆ ಹೋದರು, ನೆಪಿಯನ್ ಲಿಬರಲ್ಲರಿಗೆ ಬಂತು. 2025ರಲ್ಲಿ ಕಾರ್ಲ್‌ಟನ್ ಕೂಡ ಅವರ ಕೈಬಿಟ್ಟಿತು. ಲಿಬರಲ್ ಅಭ್ಯರ್ಥಿ ಬ್ರೂಸ್ ಫ್ಯಾನ್‌ಜಾಯ್ ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಚುನಾವಣಾ ಪದ್ಧತಿ ಬದಲಾಗಬೇಕೆಂದು ಪ್ರತಿಭಟಿಸುವವರು ಅಲ್ಲಿ ರಾಶಿ ನಾಮಪತ್ರ ಹಾಕಿದ್ದರಿಂದ ಕಣದಲ್ಲಿ 91 ಅಭ್ಯರ್ಥಿಗಳಿದ್ದರು, ಮತಪತ್ರ ಒಂದು ಮೀಟರಿನಷ್ಟು ಉದ್ದವಿತ್ತು. ಇಪ್ಪತ್ತು ವರ್ಷ ಗೆಲ್ಲಿಸಿದ ಜನ ಅಷ್ಟುದ್ದದ ಕಾಗದದಲ್ಲಿ ಬೇರೊಬ್ಬರ ಹೆಸರು ಹುಡುಕಿ ಗುರುತು ಹಾಕಿ ಬಂದರು. ಕಾರಣಗಳು ಗುಟ್ಟೇನಲ್ಲ. ಈ ಸುತ್ತಿನ ಮನೆಗಳಲ್ಲಿ ಕೇಂದ್ರ ಸರ್ಕಾರದ ನೌಕರರು ಬಹಳ. ಪೊಲಿಯೇವ್ ಸರ್ಕಾರಿ ನೌಕರರ ಸಂಖ್ಯೆ ಇಳಿಸುವ ಮಾತಾಡುತ್ತಿದ್ದರು. 2022ರ ಚಳಿಗಾಲದಲ್ಲಿ ಕೋವಿಡ್ ನಿರ್ಬಂಧಗಳನ್ನು ವಿರೋಧಿಸಿ ಬಂದ ಲಾರಿಗಳು ಮೂರು ವಾರಕ್ಕೂ ಹೆಚ್ಚು ಕಾಲ ಒಟ್ಟಾವದ ನಡುಭಾಗವನ್ನು ಆಕ್ರಮಿಸಿ ಕುಳಿತಾಗ ಅವರು ಪ್ರತಿಭಟನಕಾರರ ಪರ ನಿಂತಿದ್ದರು. ಫ್ಯಾನ್‌ಜಾಯ್ ಎರಡು ವರ್ಷದಿಂದ ಮನೆಮನೆಯ ಬಾಗಿಲು ತಟ್ಟುತ್ತಿದ್ದರು.

ನಮ್ಮ ಬೀದಿಯಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಯಾರಿಗೆ ಮತ ಹಾಕಿದಿರಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಆದರೆ ಹಿಮ ಬಳಿದು ನಿಂತ ಹೊತ್ತಿನಲ್ಲಿ ಅವರೇ ಹೇಳಿದರು. 1984ರಲ್ಲಿ ಅವರ ಮತ, ಇಂದಿನ ಕನ್ಸರ್ವೇಟಿವ್ ಪಕ್ಷದ ಪೂರ್ವರೂಪಗಳಲ್ಲಿ ಒಂದಾದ, ಬ್ರಯನ್ ಮಲ್ರೋನಿಯ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ. ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಸಿಟ್ಟಾಗಿ 1993ರಲ್ಲಿ ಲಿಬರಲ್ಲರಿಗೆ. 2004ರಲ್ಲಿ, ಸರ್ಕಾರಿ ಪ್ರಚಾರದ ಹಣ ದುರ್ಬಳಕೆಯಾದ ಪ್ರಾಯೋಜಕತ್ವ ಹಗರಣದ ಲೆಕ್ಕಪರಿಶೋಧನಾ ವರದಿ ಹೊರಬಂದಾಗ ಲಿಬರಲ್ಲರನ್ನು ಬಿಟ್ಟು ಪೊಲಿಯೇವ್‌ಗೆ. ಹಾರ್ಪರ್ ಸರ್ಕಾರ ವಿಜ್ಞಾನಿಗಳ ಬಾಯಿ ಕಟ್ಟಿತು ಎಂಬ ಬೇಸರದಿಂದ 2015ರಲ್ಲಿ ಚಂದ್ರ ಆರ್ಯರಿಗೆ. 2021ರಲ್ಲಿ ಎರಿನ್ ಓ'ಟೂಲ್ ಮಧ್ಯಮಮಾರ್ಗದವರು ಅನ್ನಿಸಿದ್ದರಿಂದ ಮತ್ತೆ ಕನ್ಸರ್ವೇಟಿವರಿಗೆ. 2025ರಲ್ಲಿ ಕಾರ್ನಿಗೆ. ಪ್ರತಿ ಸಲಕ್ಕೂ ಅವರ ಬಳಿ ಕಾರಣವಿತ್ತು, ಒಂದೊಂದೂ ಆಯಾ ಕಾಲದ ಸರ್ಕಾರ ಮಾಡಿದ ಯಾವುದೋ ನಿರ್ದಿಷ್ಟ ಕೆಲಸಕ್ಕೆ ಸಂಬಂಧಿಸಿದ್ದು. ಇಂಥವರನ್ನು ಚಂಚಲರು, ಗಾಳಿ ಬಂದತ್ತ ವಾಲುವವರು ಎಂದು ಪಕ್ಷದ ಕಟ್ಟಾಳುಗಳು ಹೀಗಳೆಯುತ್ತಾರೆ. ನನಗೆ ಅವರು ಪತ್ರಿಕೆ ಓದಿ, ನೆನಪಿಟ್ಟುಕೊಂಡು, ಲೆಕ್ಕ ಚುಕ್ತಾ ಮಾಡುವ ಮನುಷ್ಯರಾಗಿ ಕಾಣುತ್ತಾರೆ. 1970ರ ದಶಕದಲ್ಲೇ ಇಲ್ಲಿನ ರಾಜಕೀಯ ವಿದ್ವಾಂಸರು ದೇಶದ ಮತದಾರರನ್ನು ಗಟ್ಟಿ ನಿಷ್ಠೆಯವರು, ಸಡಿಲ ನಿಷ್ಠೆಯವರು ಎಂದು ವಿಂಗಡಿಸಿ, ಎರಡನೆಯ ಗುಂಪೇ ದೊಡ್ಡದು ಎಂದು ಹೇಳಿದ್ದರು.

ಎಡಪಂಥ, ಬಲಪಂಥ ಎಂಬ ಗೆರೆಯನ್ನು ಹಿಡಿದು ಹೊರಟರೆ ಈ ಓಡಾಟದ ಅರ್ಧ ಭಾಗ ತಿಳಿಯುವುದೇ ಇಲ್ಲ. ಗೆರೆಯ ಎಡತುದಿಯ ಎನ್‌ಡಿಪಿಯಿಂದ ಬಲದ ಕನ್ಸರ್ವೇಟಿವರಿಗೆ, ನಡುವಿನ ಲಿಬರಲ್ಲರನ್ನು ದಾಟಿಕೊಂಡು, ಜಿಗಿಯುವವರು ಕೆನಡಾದಲ್ಲಿ ಯಾವತ್ತೂ ಇದ್ದಾರೆ. 2025ರಲ್ಲಿ ಕಾರು ಕಾರ್ಖಾನೆಗಳ ಊರು ವಿಂಡ್ಸರ್‌ನ ಪಶ್ಚಿಮ ಕ್ಷೇತ್ರ ಎನ್‌ಡಿಪಿಯಿಂದ ಕನ್ಸರ್ವೇಟಿವರಿಗೆ ಹೋಯಿತು. ಒಂಟಾರಿಯೊದ ಉತ್ತರದಲ್ಲಿ ಗಣಿಗಳ ಟಿಮ್ಮಿನ್ಸ್ ಪ್ರದೇಶವೂ ಹಾಗೆಯೇ ಹೋಯಿತು. ವಿನ್ನಿಪೆಗ್‌ನ ಎಲ್ಮ್‌ವುಡ್–ಟ್ರಾನ್ಸ್‌ಕೋನಾದಲ್ಲಿ 2024ರ ಸೆಪ್ಟೆಂಬರ್‌ನ ಉಪಚುನಾವಣೆಯನ್ನು ಎನ್‌ಡಿಪಿ ಗೆದ್ದಿತ್ತು. ಏಳೇ ತಿಂಗಳಲ್ಲಿ ಅದನ್ನು ಕನ್ಸರ್ವೇಟಿವ್ ಪಕ್ಷ ಕಿತ್ತುಕೊಂಡಿತು, ಗೆದ್ದ ಅಭ್ಯರ್ಥಿ ವೃತ್ತಿಯಿಂದ ಎಲೆಕ್ಟ್ರಿಷಿಯನ್. ಕಾರ್ಮಿಕ ಸಂಘದ ಸದಸ್ಯನಿಗೆ ಪಕ್ಷದ ಬಣ್ಣಕ್ಕಿಂತ ಮುಖ್ಯವಾಗಿ ಕಾಣಿಸುವುದು ಯಾರು ತನ್ನಂಥವರ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು. ನಗರದ ವಿದ್ಯಾವಂತರ ಪಕ್ಷವಾಗುತ್ತಿದೆ ಎಂದು ಅವನಿಗನ್ನಿಸಿದ ದಿನ ಎನ್‌ಡಿಪಿ ಅವನಿಗೆ ಪರಕೀಯವಾಗುತ್ತದೆ. ಲಿಬರಲ್ ಪಕ್ಷವಂತೂ ಅವನಿಗೆ ಯಾವತ್ತಿನಿಂದಲೂ ಒಡೆಯರ ಪಕ್ಷ. ಆದ್ದರಿಂದ ಅವನು ನಡುವೆ ನಿಲ್ಲುವುದೇ ಇಲ್ಲ.

ಇದಕ್ಕಿಂತ ದೊಡ್ಡ ಜಿಗಿತ 1993ರದ್ದು. 1988ರಲ್ಲಿ ಬ್ರಿಟಿಷ್ ಕೊಲಂಬಿಯಾದ 32 ಸ್ಥಾನಗಳಲ್ಲಿ 19 ಎನ್‌ಡಿಪಿಯವು. ಐದು ವರ್ಷದ ನಂತರ ಅದೇ ಪ್ರಾಂತದಲ್ಲಿ ಎನ್‌ಡಿಪಿಗೆ ಉಳಿದದ್ದು ಎರಡು. ಪ್ರೆಸ್ಟನ್ ಮ್ಯಾನಿಂಗ್ ಅವರ ಬಲಪಂಥೀಯ ರಿಫಾರ್ಮ್ ಪಕ್ಷಕ್ಕೆ 24. ಸಮಾಜವಾದಿಗಳಾಗಿದ್ದವರು ಒಂದು ಬೆಳಗ್ಗೆ ಎದ್ದು ಬಲಪಂಥೀಯರಾದರು ಎಂದರೆ ಅದು ಮನುಷ್ಯರನ್ನು ತಿಳಿಯದೆ ಆಡುವ ಮಾತು. ಅವರಲ್ಲಿ ಹಲವರು ಮೊದಲು ಎನ್‌ಡಿಪಿಗೆ ಮತ ಹಾಕುತ್ತಿದ್ದುದೇ ಒಟ್ಟಾವ, ಟೊರಾಂಟೊಗಳ ದರ್ಬಾರಿಗೆ ಪ್ರತಿಭಟನೆಯಾಗಿ. 1992ರ ಅಕ್ಟೋಬರ್‌ನಲ್ಲಿ ಸಂವಿಧಾನ ತಿದ್ದುಪಡಿಯ ಷಾರ್ಲಟ್‌ಟೌನ್ ಒಪ್ಪಂದದ ಮೇಲೆ ಜನಮತಗಣನೆ ನಡೆದಾಗ ಮೂರು ಹಳೆಯ ಪಕ್ಷಗಳೂ, ಎನ್‌ಡಿಪಿಯೂ ಸೇರಿ, ಒಂದೇ ದನಿಯಲ್ಲಿ ಅದಕ್ಕೆ ಹೌದು ಎನ್ನಿ ಎಂದವು. ಪಶ್ಚಿಮದ ಜನ ಇಲ್ಲ ಎಂದರು. ಆಗ ಅವರ ಜೊತೆ ನಿಂತದ್ದು ರಿಫಾರ್ಮ್ ಪಕ್ಷ.

ಕ್ವಿಬೆಕ್‌ನ ಕಥೆ ಇನ್ನೂ ರೋಚಕ. ಆ ಪ್ರಾಂತದ 75 ಸ್ಥಾನಗಳಲ್ಲಿ 1980ರಲ್ಲಿ ಲಿಬರಲ್ಲರಿಗೆ 74. 1984ರಲ್ಲಿ 58 ಮಲ್ರೋನಿಗೆ. 1993ರಲ್ಲಿ 54 ಬ್ಲಾಕ್ ಕ್ವಿಬೆಕ್ವಾಗೆ. 2011ರಲ್ಲಿ 59 ಎನ್‌ಡಿಪಿಗೆ, ಹಿಂದಿನ ಚುನಾವಣೆಯಲ್ಲಿ ಒಂದೇ ಒಂದು ಸ್ಥಾನ ಗೆದ್ದಿದ್ದ ಎನ್‌ಡಿಪಿಗೆ! ಆ ವರ್ಷ ಪಕ್ಷದ ನಾಯಕ ಜಾಕ್ ಲೇಟನ್ ಊರುಗೋಲು ಹಿಡಿದು ಪ್ರಚಾರ ಮಾಡಿದರು, ಮುಖದಲ್ಲಿ ನಗು ಮಾಸಲಿಲ್ಲ, ಆಡುಮಾತಿನ ಫ್ರೆಂಚ್ ಅವರಿಗೆ ಸಲೀಸಾಗಿತ್ತು. ಬ್ಲಾಕ್ ಪಕ್ಷದಿಂದ ಬೇಸತ್ತು, ಹಾರ್ಪರ್ ಬೇಡ ಎಂದೂ ಲಿಬರಲ್ಲರು ಬೇಡ ಎಂದೂ ತೀರ್ಮಾನಿಸಿದ್ದವರಿಗೆ ಉಳಿದಿದ್ದ ಬಾಗಿಲು ಅವರದ್ದೇ. ಬರ್ತಿಯೆ–ಮಸ್ಕಿನೊಂಜೆ ಕ್ಷೇತ್ರದಲ್ಲಿ ಎನ್‌ಡಿಪಿ ನಿಲ್ಲಿಸಿದ್ದ ರೂತ್ ಎಲೆನ್ ಬ್ರೊಸೊ ಪ್ರಚಾರದ ನಡುವೆ ಲಾಸ್ ವೇಗಾಸ್‌ಗೆ ಹೋಗಿದ್ದರು, ಅವರ ಫ್ರೆಂಚ್ ಆಗ ದುರ್ಬಲವಾಗಿತ್ತು. ಆದರೂ ಗೆದ್ದರು. ದೇಶ ಅವರನ್ನು ಆಡಿಕೊಂಡಿತು. ಅವರು ಮಾತ್ರ ಫ್ರೆಂಚನ್ನು ಚೆನ್ನಾಗಿ ಕಲಿತು, ರೈತರ ನಡುವೆ ಓಡಾಡಿ, ಕೃಷಿಯ ವಿಷಯದಲ್ಲಿ ಪಕ್ಷದ ದನಿಯಾದರು. 2015ರಲ್ಲಿ ಎನ್‌ಡಿಪಿ ಕ್ವಿಬೆಕ್‌ನಲ್ಲಿ 16ಕ್ಕೆ ಕುಸಿದಾಗಲೂ ಮತದಾರರು ಅವರನ್ನು ಉಳಿಸಿಕೊಂಡರು. ಈ ಪ್ರಸಂಗ ನನಗೆ ಬಹಳ ಪ್ರಿಯ. ಅಲೆಯಲ್ಲಿ ತೇಲಿಬಂದವರನ್ನೂ ಜನ ಕುರುಡಾಗಿ ಕೈಬಿಡುವುದಿಲ್ಲ. ಬಂದ ಮೇಲೆ ಏನು ಮಾಡಿದರು ಎಂದು ನೋಡುತ್ತಾರೆ.

ನಮ್ಮಂಥ ವಲಸಿಗರ ಮತಗಳ ವಿಷಯಕ್ಕೆ ಬಂದರೆ, ಟೊರಾಂಟೊವನ್ನು ಸುತ್ತಿದ ಉಪನಗರಗಳ ಕಡೆ ಹೊರಳಬೇಕು. ಫೋನಿನ ಪ್ರದೇಶ ಸಂಖ್ಯೆಯಿಂದ ಅವನ್ನು 905 ಎಂದೇ ಕರೆಯುತ್ತಾರೆ: ಬ್ರಾಂಪ್ಟನ್, ಮಿಸಿಸಾಗಾ, ಮಾರ್ಕಂ, ವಾನ್. ಭಾರತೀಯರೂ ಚೀನೀಯರೂ ಇಟಾಲಿಯನ್ನರೂ ಸಾಲ ಮಾಡಿ ಮನೆ ಕೊಂಡ ಜಾಗಗಳು ಇವು. ಬಹುಕಾಲ ವಲಸಿಗರ ಮತ ಎಂದರೆ ಲಿಬರಲ್ ಮತ ಎಂಬ ನಂಬಿಕೆಯಿತ್ತು. ಕನ್ಸರ್ವೇಟಿವ್ ಸಚಿವ ಜೇಸನ್ ಕೆನ್ನಿ ಗುರುದ್ವಾರ, ದೇವಸ್ಥಾನ, ಚರ್ಚುಗಳ ಮೆಟ್ಟಿಲು ಹತ್ತಿಳಿದು ಆ ನಂಬಿಕೆಯನ್ನು ಸಡಿಲಗೊಳಿಸಿದರು. 2011ರಲ್ಲಿ ಬ್ರಾಂಪ್ಟನ್ ಮತ್ತು ಮಿಸಿಸಾಗಾದ ಎಲ್ಲ ಸ್ಥಾನಗಳೂ ಕನ್ಸರ್ವೇಟಿವರವು. ನಾಲ್ಕೇ ವರ್ಷದ ನಂತರ, 2015ರಲ್ಲಿ, ಎಲ್ಲವೂ ಲಿಬರಲ್ಲರವು. ನಡುವೆ ಆದದ್ದೇನು? ಎರಡು ದೇಶಗಳ ಪೌರತ್ವ ಇರುವವರು ಕೆಲವು ಅಪರಾಧಗಳನ್ನು ಮಾಡಿದರೆ ಕೆನಡಾದ ಪೌರತ್ವ ಕಿತ್ತುಕೊಳ್ಳಬಹುದೆಂಬ ಕಾನೂನು ಬಂತು. ಪೌರತ್ವದ ಪ್ರಮಾಣವಚನದ ವೇಳೆ ನಿಖಾಬ್ ಧರಿಸಬಹುದೇ ಎಂಬ ವಿವಾದ ಎದ್ದಿತು. ‘ಅನಾಗರಿಕ ಆಚರಣೆ’ಗಳ ಬಗ್ಗೆ ದೂರು ಕೊಡಲು ಸಹಾಯವಾಣಿ ತೆರೆಯುತ್ತೇವೆ ಎಂದು ಕನ್ಸರ್ವೇಟಿವರು ಪ್ರಚಾರದ ಕೊನೆಯ ವಾರಗಳಲ್ಲಿ ಘೋಷಿಸಿದರು. ಬ್ರಾಂಪ್ಟನ್‌ನಲ್ಲಿರುವ ನನ್ನ ಮೈಸೂರಿನ ಗೆಳೆಯ ತೆರಿಗೆ ಕಡಿಮೆ ಇರಲಿ ಎಂದು 2011ರಲ್ಲಿ ಹಾರ್ಪರ್ ಪಕ್ಷಕ್ಕೆ ಮತ ಹಾಕಿದ್ದವನು. 2015ರಲ್ಲಿ ಅವನು ಹೇಳಿದ್ದು, ‘ನೆರೆಯವನ ಮೇಲೆ ದೂರು ಕೊಡಿ ಎನ್ನುವವರು ನಾಳೆ ನನ್ನ ಮೇಲೂ ಕೊಡಿಸುತ್ತಾರೆ.’

ಆದರೆ ಆ ಗೆಳೆಯನನ್ನು ಅಲ್ಲಿಗೇ ಲಿಬರಲ್ ಲೆಕ್ಕಕ್ಕೆ ಸೇರಿಸಿಬಿಟ್ಟರೆ ತಪ್ಪು. 2025ರಲ್ಲಿ ದೇಶದ ಬಹುಭಾಗ ಕಾರ್ನಿಯತ್ತ ವಾಲುತ್ತಿದ್ದಾಗ 905ರ ಕೆಲವು ಕ್ಷೇತ್ರಗಳು ಎದುರು ದಿಕ್ಕಿಗೆ ಹೋದವು. ಬ್ರಾಂಪ್ಟನ್ ಪಶ್ಚಿಮದಲ್ಲಿ ಆರೋಗ್ಯ ಸಚಿವೆ ಕಮಲ್ ಖೇರಾ ಸೋತರು. ವಾನ್–ವುಡ್‌ಬ್ರಿಜ್ ಕನ್ಸರ್ವೇಟಿವರ ಕಡೆ ತಿರುಗಿತು. ಅಲ್ಲಿನ ಮನೆಗಳಲ್ಲಿ ಟ್ರಂಪ್ ವಿಷಯಕ್ಕಿಂತ ಹೆಚ್ಚಾಗಿ ಚರ್ಚೆಯಾದದ್ದು ಮನೆ ಸಾಲದ ಕಂತು, ಅಂಗಳದಿಂದ ಕದ್ದೊಯ್ದ ಕಾರು, ಮದುವೆ ವಯಸ್ಸಿಗೆ ಬಂದರೂ ಸ್ವಂತ ಮನೆ ಕೊಳ್ಳಲಾಗದ ಮಕ್ಕಳು. ಒಂದೇ ಮನೆಯಲ್ಲಿ ಅಪ್ಪ ಅಮ್ಮ ಕಾರ್ನಿಗೆ, ಮಗ ಪೊಲಿಯೇವ್‌ಗೆ ಮತ ಹಾಕಿದ ಉದಾಹರಣೆಗಳು ನನ್ನ ಬಳಗದಲ್ಲೇ ಇವೆ. ಸ್ವಂತ ಮನೆ ಇದ್ದವರಿಗೆ ಇರುವುದನ್ನು ಕಾಪಾಡಿಕೊಳ್ಳುವ ಚಿಂತೆ, ಇಲ್ಲದ ಮಕ್ಕಳಿಗೆ ಇರುವ ವ್ಯವಸ್ಥೆ ಬದಲಾಗಲಿ ಎಂಬ ಆತುರ. ಅದರಲ್ಲಿ ಯಾರದ್ದೂ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಂಟಾರಿಯೊದವರಿಗೆ ಇನ್ನೊಂದು ಹಳೆಯ ರೂಢಿಯಿದೆ, ಪ್ರಾಂತಕ್ಕೆ ಒಂದು ಪಕ್ಷ, ಕೇಂದ್ರಕ್ಕೆ ಇನ್ನೊಂದು. 2025ರ ಫೆಬ್ರವರಿ 27ರಂದು ಅವರು ಡಗ್ ಫೋರ್ಡ್ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ ಮೂರನೆಯ ಬಾರಿ ಬಹುಮತ ಕೊಟ್ಟರು. ಎರಡೇ ತಿಂಗಳ ನಂತರ ಅದೇ ಜನ ಕೇಂದ್ರದ 122 ಸ್ಥಾನಗಳಲ್ಲಿ 70ನ್ನು ಲಿಬರಲ್ಲರಿಗೆ ಕೊಟ್ಟರು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕಾಂಗ್ರೆಸ್ಸನ್ನು ಗೆಲ್ಲಿಸಿ, 1985ರ ಮಾರ್ಚ್‌ನಲ್ಲಿ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರನ್ನು ತಂದ ರಾಜ್ಯದಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ನನ್ನನ್ನು ನಿಜಕ್ಕೂ ಕಾಡುವ ವಿಷಯಕ್ಕೆ ಬರಬೇಕು. ಜನ ಪಕ್ಷ ಬದಲಿಸುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದೇ. ಆದರೆ ಇಲ್ಲಿ ಪಕ್ಷ ಬದಲಿಸುವವರಲ್ಲಿ ಒಂದು ದೊಡ್ಡ ಪಾಲು ಮನವೊಲಿದು ಬದಲಿಸುವುದಿಲ್ಲ, ಹೆದರಿ ಬದಲಿಸುತ್ತಾರೆ. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆದ್ದರು, ಉಳಿದ ಮತಗಳೆಲ್ಲ ಲೆಕ್ಕಕ್ಕಿಲ್ಲ ಎಂಬ ಪದ್ಧತಿಯಲ್ಲಿ ಒಲವಿನ ಪಕ್ಷಕ್ಕೆ ಹಾಕಿದ ಮತ ಒಲ್ಲದ ಪಕ್ಷಕ್ಕೆ ನೆರವಾಗಿಬಿಡುತ್ತದೆ. ಆದ್ದರಿಂದ ಪ್ರತಿ ಚುನಾವಣೆಯ ಕೊನೆಯ ವಾರದಲ್ಲಿ ಲಿಬರಲ್ಲರು ಎನ್‌ಡಿಪಿ ಬೆಂಬಲಿಗರ ಬಳಿ ಬಂದು ಮತ ಒಡೆಯಬೇಡಿ ಎನ್ನುತ್ತಾರೆ.

ಆ ಭಯವೂ ಎಲ್ಲ ಕಡೆ ಸರಿಯಾಗಿ ಕೆಲಸ ಮಾಡುವುದಿಲ್ಲ. ವ್ಯಾಂಕೂವರ್ ದ್ವೀಪದ ನನೈಮೊ–ಲೇಡಿಸ್ಮಿತ್ ಕ್ಷೇತ್ರ 2015ರಲ್ಲಿ ಎನ್‌ಡಿಪಿಯದ್ದು. 2019ರಲ್ಲಿ ಗ್ರೀನ್ ಪಕ್ಷದ್ದು. 2021ರಲ್ಲಿ ಮತ್ತೆ ಎನ್‌ಡಿಪಿ. 2025ರಲ್ಲಿ ಅಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿ ಮೂರನೇ ಒಂದು ಭಾಗಕ್ಕಿಂತ ತುಸುವೇ ಹೆಚ್ಚು ಮತ ಪಡೆದು ಗೆದ್ದರು. ಉಳಿದ ಮತಗಳಲ್ಲಿ ಬಹುಪಾಲು ಲಿಬರಲ್, ಎನ್‌ಡಿಪಿ, ಗ್ರೀನ್ ನಡುವೆ ಹರಿದುಹಂಚಿ ಹೋದವು. ಕನ್ಸರ್ವೇಟಿವರನ್ನು ತಡೆಯಬೇಕೆಂದಿದ್ದವರಿಗೆ ಯಾರ ಹಿಂದೆ ಒಟ್ಟಾಗಬೇಕೆಂದೇ ತಿಳಿಯಲಿಲ್ಲ. ದೇಶದ ಸಮೀಕ್ಷೆ ಲಿಬರಲ್ ಎನ್ನುತ್ತಿತ್ತು, ಹಿಂದಿನ ಫಲಿತಾಂಶ ಎನ್‌ಡಿಪಿ ಎನ್ನುತ್ತಿತ್ತು, ಊರಿನ ನೆನಪು ಗ್ರೀನ್ ಎನ್ನುತ್ತಿತ್ತು. ಗೆದ್ದವರು ನಿಯಮದ ಪ್ರಕಾರ ನ್ಯಾಯವಾಗಿಯೇ ಗೆದ್ದರು, ಅವರ ಮತದಾರರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಉಳಿದವರು ತಮ್ಮ ಪ್ರಜಾಹಕ್ಕನ್ನು ಊಹೆಯ ಆಟವಾಗಿ ಆಡಬೇಕಾಯಿತಲ್ಲ, ಅದರ ಬಗ್ಗೆ ನನ್ನ ಸಂಕಟ.

ಕನ್ಸರ್ವೇಟಿವರೂ ಇದೇ ಪದ್ಧತಿಯಿಂದ ನೊಂದವರು. 2019 ಮತ್ತು 2021ರಲ್ಲಿ ದೇಶದಾದ್ಯಂತ ಲಿಬರಲ್ಲರಿಗಿಂತ ಹೆಚ್ಚು ಮತ ಬಿದ್ದದ್ದು ಅವರಿಗೆ, ಸರ್ಕಾರ ರಚಿಸಿದ್ದು ಲಿಬರಲ್ಲರು. 1993ರಲ್ಲಿ ಕಿಮ್ ಕ್ಯಾಂಬೆಲ್ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಶೇಕಡಾ 16 ಮತ ಪಡೆದು ಎರಡೇ ಸ್ಥಾನಕ್ಕೆ ಕುಸಿಯಿತು, ಶೇಕಡಾ 13.5 ಮತ ಪಡೆದ ಬ್ಲಾಕ್ ಕ್ವಿಬೆಕ್ವಾ 54 ಸ್ಥಾನದೊಂದಿಗೆ ಅಧಿಕೃತ ವಿರೋಧ ಪಕ್ಷವಾಯಿತು. ಮತಗಳು ಎಲ್ಲಿ ಗುಡ್ಡೆಬಿದ್ದಿವೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಇದನ್ನು ಸರಿಪಡಿಸುವ ಮಾತು 2015ರಲ್ಲಿ ಟ್ರುಡೊ ಬಾಯಿಂದಲೇ ಬಂದಿತ್ತು. ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದೇ ಎಂದು ಅವರು ಭರವಸೆ ಕೊಟ್ಟಿದ್ದರು. ಅದನ್ನು ನಂಬಿ ಎನ್‌ಡಿಪಿಯಿಂದ, ಗ್ರೀನ್‌ನಿಂದ ಲಿಬರಲ್ಲರತ್ತ ಬಂದವರನ್ನು ನಾನು ಬಲ್ಲೆ. ಟ್ರುಡೊಗೆ ಇಷ್ಟವಿದ್ದದ್ದು ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸುವ ಪದ್ಧತಿ. ಬಹಳ ಜನಕ್ಕೆ ಎರಡನೆಯ ಆಯ್ಕೆ ಲಿಬರಲ್ಲರೇ ಆದ್ದರಿಂದ ಅದು ಅವರಿಗೇ ಲಾಭ ಎಂದು ಉಳಿದ ಪಕ್ಷಗಳು ಸಂಶಯಪಟ್ಟವು, ಆ ಸಂಶಯ ನ್ಯಾಯವಾದದ್ದು. 2016ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿ ಮತಪ್ರಮಾಣಕ್ಕೆ ಅನುಗುಣವಾಗಿ ಸ್ಥಾನ ಹಂಚುವ ಪದ್ಧತಿಯ ಕಡೆ ಒಲವು ತೋರಿಸಿ, ಜನಮತಗಣನೆ ನಡೆಸಿ ಎಂದಿತು. 2017ರ ಫೆಬ್ರವರಿಯಲ್ಲಿ ಸರ್ಕಾರ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಬ್ರಿಟಿಷ್ ಕೊಲಂಬಿಯಾದಲ್ಲಿ 2005ರಲ್ಲೇ ಶೇಕಡಾ 57ಕ್ಕೂ ಹೆಚ್ಚು ಜನ ಬದಲಾವಣೆಗೆ ಒಪ್ಪಿದ್ದರು, ಆದರೆ ಬೇಕಿದ್ದದ್ದು 60. ಆ ಭರವಸೆ ಮುರಿದದ್ದು ಈ ಶತಮಾನದಲ್ಲಿ ಕೆನಡಾದ ಮತದಾರರಿಗೆ ಆದ ಅತಿ ದೊಡ್ಡ ಅನ್ಯಾಯ ಎಂದು ನಾನು ತಿಳಿಯುತ್ತೇನೆ. ನಾನು ಈವರೆಗೆ ಎರಡು ಪಕ್ಷಗಳಿಗೆ ಮತ ಹಾಕಿದ್ದೇನೆ. ಅದರಲ್ಲಿ ಒಂದನ್ನು ಮನಸಾರೆ ಹಾಕಿದೆ, ಇನ್ನೊಂದನ್ನು ಲೆಕ್ಕ ಹಾಕಿ ಹಾಕಿದೆ. ಎರಡನ್ನೂ ಮನಸಾರೆ ಹಾಕುವಂತಿದ್ದರೆ ಎಷ್ಟು ಚೆನ್ನಾಗಿತ್ತು.

2025ರಲ್ಲಿ ಮರುಎಣಿಕೆಗೆ ಹೋದ ಕ್ಷೇತ್ರಗಳ ಅಂತರ ನೋಡಿ. ಮಿಲ್ಟನ್ ಪೂರ್ವದಲ್ಲಿ 21 ಮತ. ನ್ಯೂಫೌಂಡ್‌ಲ್ಯಾಂಡ್‌ನ ಟೆರಾ ನೋವಾದಲ್ಲಿ 12. ವಿಂಡ್ಸರ್–ಟೆಕಮ್ಸೆಯಲ್ಲಿ ನಾಲ್ಕು. ಮಾಂಟ್ರಿಯಲ್ ಬಳಿಯ ಟೆರ್‌ಬೊನ್‌ನಲ್ಲಿ ಲಿಬರಲ್ ಅಭ್ಯರ್ಥಿ ಟಾಟಿಯಾನಾ ಒಗುಸ್ಟ್ ಬ್ಲಾಕ್ ಪಕ್ಷದವರಿಗಿಂತ ಮುಂದಿದ್ದದ್ದು ಒಂದೇ ಒಂದು ಮತದಿಂದ. ಆಮೇಲೆ ತಿಳಿದುಬಂತು, ಬ್ಲಾಕ್‌ಗೆ ಹಾಕಿದ್ದ ಒಂದು ಅಂಚೆ ಮತ ಲಕೋಟೆಯ ಮೇಲೆ ಅಚ್ಚಾಗಿದ್ದ ಪಿನ್‌ಕೋಡ್ ತಪ್ಪಿದ್ದರಿಂದ ಹಾಕಿದವರಿಗೇ ವಾಪಸ್ ಬಂದಿತ್ತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಬಹುಮತಕ್ಕೆ ಬೇಕಿದ್ದ 172ಕ್ಕೆ ಲಿಬರಲ್ಲರು ಮೂರೇ ಸ್ಥಾನ ದೂರವಿದ್ದ ಹೊತ್ತದು. ಈ ಊರುಗಳಲ್ಲಿ ಕೈಬೆರಳೆಣಿಕೆಯ ಮಂದಿ ಮನಸ್ಸು ಬದಲಿಸಿದ್ದರೆ ಪಾರ್ಲಿಮೆಂಟಿನ ಲೆಕ್ಕವೇ ಬೇರೆಯಾಗುತ್ತಿತ್ತು.

ಎನ್‌ಡಿಪಿಯಿಂದ ಹೋದ 18 ಲಕ್ಷ ಮತಗಳು ಮರಳುತ್ತವೆಯೇ? 1993ರಲ್ಲಿ ಆ ಪಕ್ಷ ಒಂಬತ್ತು ಸ್ಥಾನಕ್ಕೆ ಇಳಿದಿತ್ತು, 1997ರಲ್ಲಿ 21 ಆಯಿತು, 2011ರಲ್ಲಿ 103. ರಿಫಾರ್ಮ್ ಪಕ್ಷದ ಪಾಲಾಗಿದ್ದ ಬ್ರಿಟಿಷ್ ಕೊಲಂಬಿಯಾದಲ್ಲಿ 2015ರಲ್ಲಿ ಅದು 14 ಸ್ಥಾನ ಗೆದ್ದಿತು. ಆದ್ದರಿಂದ ಆ ಪಕ್ಷದ ಕಥೆ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಟ್ರಂಪ್ ಭಯದಿಂದ ಕಾರ್ನಿಯತ್ತ ಹೋದ ಟೊರಾಂಟೊ, ವ್ಯಾಂಕೂವರ್ ನಗರಗಳ ಮತ ಆ ಭಯ ಇಳಿದ ಮೇಲೆ ಸಾಕಷ್ಟು ಮರಳಬಹುದು. ವಿಂಡ್ಸರ್ ಮತ್ತು ಟಿಮ್ಮಿನ್ಸ್‌ನದು ಬೇರೆ ಮಾತು. ಆ ಜನ ಹೋದದ್ದು ಭಯದಿಂದಲ್ಲ, ತಮ್ಮನ್ನು ಮರೆತರು ಎಂಬ ಸಿಟ್ಟಿನಿಂದ. ಅವರನ್ನು ಮರಳಿ ತರಬೇಕಾದವರು ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಲ್ಲಬೇಕು, ಚುನಾವಣೆ ಇಲ್ಲದ ವರ್ಷಗಳಲ್ಲೂ.